ಹಡಗಿನ ಹೊಟ್ಟೆಗೊಂದು ಬಾಗಿಲು: ನಮ್ಮ ಕರಾವಳಿಯ ಮರದ ಹಡಗುಗಳ ಕಥೆ

ಚಿನ್ನದ ಗಣಿಯ ನಾಡಿನವರಾದ ನಮಗೂ ಅರಬ್ಬಿ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಮಂಗಳೂರು, ಹೊನ್ನಾವರ ಮುಂತಾದ ಬಂದರುಗಳು ಮೈಸೂರಿನ ವಶವಾದವು. ಬಯಲುಸೀಮೆಯ ಈ ವೀರ ಮಂಗಳೂರಿನಲ್ಲಿ ಹಡಗುಗಳನ್ನು ಕಟ್ಟಿಸತೊಡಗಿದನು. ಅವನ ಮಗ ಟಿಪ್ಪು ಸುಲ್ತಾನನು 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಗುಲಾಮ್ ಅಲಿ ಖಾನನ ನೇತೃತ್ವದಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ನಿಯೋಗವನ್ನು ಕಳುಹಿಸಿದನು. ಆ ನಾಲ್ಕು ಹಡಗುಗಳಲ್ಲಿ ರಾಯಭಾರಿಗಳಷ್ಟೇ ಅಲ್ಲ, ದಾರಿಯಲ್ಲಿ ಮಾರುವುದಕ್ಕೆಂದು ಮೆಣಸು, ಏಲಕ್ಕಿ, ಗಂಧದಂತಹ ಸರಕೂ ಇತ್ತು. ಮುಂದೆ 1796ರಲ್ಲಿ ಅವನು 40 ಯುದ್ಧನೌಕೆಗಳನ್ನು ಕಟ್ಟುವಂತೆ ಆಜ್ಞೆ ಹೊರಡಿಸಿದನು. ಆದರೆ 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಆ ಯೋಜನೆ ಕೊನೆಗೊಂಡಿತು.

ಇತಿಹಾಸದ ಪುಸ್ತಕಗಳು ಹಡಗುಗಳ ತೋಪುಗಳನ್ನು ಎಣಿಸುತ್ತವೆ. ಆದರೆ ಹಡಗು ಕಟ್ಟುವ ಬಡಗಿಯ ಚಿಂತೆ ಬೇರೆ. ಸರಕನ್ನು ಎಲ್ಲಿಡಬೇಕು, ಅದನ್ನು ಒಳಗೆ ಇಳಿಸುವ ಬಾಯಿ ಎಷ್ಟು ದೊಡ್ಡದಿರಬೇಕು, ಆ ಬಾಯಿಯಿಂದ ಸಮುದ್ರ ಒಳಗೆ ಬರದಂತೆ ಹೇಗೆ ಮುಚ್ಚಬೇಕು? ನೋಡಲು ಸಣ್ಣ ಪ್ರಶ್ನೆ. ಆದರೆ ವರ್ತಕನ ಬಂಡವಾಳವೂ ನಾವಿಕರ ಪ್ರಾಣವೂ ಈ ಬಾಗಿಲಿನ ಮೇಲೆಯೇ ನಿಂತಿದ್ದವು.

ಮುಳುಗಿದ ಮೆಣಸು

ಹನ್ನೆರಡನೇ ಶತಮಾನದ ಒಂದು ಉದಾಹರಣೆಯನ್ನು ನೋಡೋಣ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಉತ್ತರ ಆಫ್ರಿಕಾದಿಂದ ಬಂದು 1132ರಿಂದ 1149ರವರೆಗಿನ ಅವಧಿಯಲ್ಲಿ ಬಹುಕಾಲ ಮಂಗಳೂರಿನಲ್ಲಿ ನೆಲೆಸಿದ್ದನು. ಏಡನ್ನಿನ ವರ್ತಕರಿಗೂ ಅವನಿಗೂ ನಡೆದ ಪತ್ರ ವ್ಯವಹಾರ ಕೈರೋ ನಗರದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಉಗ್ರಾಣದಲ್ಲಿ ಉಳಿದು ನಮಗೆ ದೊರೆತಿದೆ. ಅವನು ಕಳುಹಿಸಿದ ಸರಕಿದ್ದ ಒಂದು ಹಡಗು ಕೆಂಪು ಸಮುದ್ರದ ಬಾಯಾದ ಬಾಬ್ ಅಲ್ ಮಂದಬ್ ಬಳಿ ಮುಳುಗಿತು. ಏಡನ್ನಿನಿಂದ ಮುಳುಗುಗಾರರನ್ನು ಕರೆಸಿ ಸುಮಾರು ಅರ್ಧದಷ್ಟು ಕಬ್ಬಿಣವನ್ನು ಮೇಲಕ್ಕೆ ತೆಗೆಸಲಾಯಿತು, ಮೆಣಸು ಮಾತ್ರ ಒಂದಿಷ್ಟೂ ಉಳಿಯಲಿಲ್ಲ ಎಂದು ಪತ್ರವೊಂದು ತಿಳಿಸುತ್ತದೆ.

ಸರಕು ತುಂಬುವ ಕ್ರಮವೂ ಇದರಿಂದಲೇ ಅರ್ಥವಾಗುತ್ತದೆ. ಕಬ್ಬಿಣ ಭಾರವಾದ ವಸ್ತು. ಅದು ತಳದಲ್ಲಿದ್ದರೆ ಹಡಗು ಸ್ಥಿರವಾಗಿ ನಿಲ್ಲುತ್ತದೆ, ಸ್ವಲ್ಪ ನೀರು ತಗುಲಿದರೂ ತಡೆದುಕೊಳ್ಳುತ್ತದೆ. ಮೆಣಸು, ಅಕ್ಕಿ, ಸಕ್ಕರೆಗಳು ಹಾಗಲ್ಲ. ಮೆಣಸಿಗೆ ಬೂಷ್ಟು ಹಿಡಿಯುತ್ತದೆ. ಸಕ್ಕರೆ ಕರಗುತ್ತದೆ. ಅಕ್ಕಿ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಅಕ್ಕಿ ಒಳಗಿನಿಂದಲೇ ಹಲಗೆಗಳನ್ನು ಒತ್ತುತ್ತದೆ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ, ಭಟ್ಕಳದಿಂದ ಅಕ್ಕಿ, ಸಕ್ಕರೆ ಮತ್ತು ಕಬ್ಬಿಣ ಹೊರಗೆ ಹೋಗುತ್ತಿದ್ದವೆಂದೂ ಹೊರ್ಮುಜ್ ಕಡೆಯಿಂದ ಕುದುರೆಗಳು ಬರುತ್ತಿದ್ದವೆಂದೂ ಹೇಳಿದ್ದಾನೆ. ಅಂದರೆ ನೀರಿಗೆ ಹೆದರುವ ಸರಕೇ ನಮ್ಮ ಕರಾವಳಿಯ ಮುಖ್ಯ ಸಂಪತ್ತಾಗಿತ್ತು.

ಕುದುರೆಗೂ ಬಾಗಿಲು

ಹಳೆಯ ಹಡಗುಗಳೆಲ್ಲವಕ್ಕೂ ಮೇಲ್ಹಲಗೆ, ಅಂದರೆ ಡೆಕ್ ಇರಲಿಲ್ಲ. ಹದಿಮೂರನೇ ಶತಮಾನದ ಕೊನೆಯಲ್ಲಿ ಹೊರ್ಮುಜ್ ಕಂಡ ಮಾರ್ಕೊ ಪೋಲೋ ಅಲ್ಲಿಯ ಹಡಗುಗಳನ್ನು ಹೀಗೆ ವರ್ಣಿಸುತ್ತಾನೆ: ಹಲಗೆಗಳಿಗೆ ಕಬ್ಬಿಣದ ಮೊಳೆಯಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ, ಡೆಕ್ ಇಲ್ಲ, ಸರಕಿನ ಮೇಲೆ ಚರ್ಮ ಹೊದಿಸಿ, ಅದರ ಮೇಲೆ ಭಾರತಕ್ಕೆ ಮಾರಲು ಒಯ್ಯುವ ಕುದುರೆಗಳನ್ನು ನಿಲ್ಲಿಸುತ್ತಾರೆ. ಇಂತಹ ಹಡಗುಗಳಲ್ಲಿ ಬಹಳಷ್ಟು ಮುಳುಗುತ್ತಿದ್ದವೆಂದೂ ಅವನು ಬರೆದಿದ್ದಾನೆ.

1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಇದಕ್ಕಿಂತ ಮುಂದುವರಿದ ರಚನೆಯೊಂದನ್ನು ಕಂಡನು. ಹೊನ್ನಾವರದ ಸುಲ್ತಾನ್ ಜಮಾಲುದ್ದೀನನು 52 ಹಡಗುಗಳೊಡನೆ ಗೋವೆಯ ಮೇಲೆ ದಂಡೆತ್ತಿ ಹೋದಾಗ ಇಬ್ನ್ ಬತೂತನೂ ಜೊತೆಗಿದ್ದನು. ಆ ಪಡೆಯಲ್ಲಿ ಹಿಂಭಾಗ ತೆರೆದುಕೊಳ್ಳುವ ಎರಡು ಹಡಗುಗಳಿದ್ದವು. ಸವಾರನು ಹಡಗಿನೊಳಗೇ ಕುದುರೆಯೇರಿ, ಕವಚ ತೊಟ್ಟು, ನೇರವಾಗಿ ಹೊರಗೆ ಬರುವಂತೆ ಅವನ್ನು ಕಟ್ಟಲಾಗಿತ್ತು. ಯುರೋಪಿನಲ್ಲೂ ಇಂತಹ ಬಾಗಿಲುಗಳಿದ್ದವು. 1248ರಲ್ಲಿ ಮಾರ್ಸೇಲ್ ಬಂದರಿನಲ್ಲಿ ಹಡಗೇರಿದ ಫ್ರಾನ್ಸಿನ ಜ್ವಾನ್‌ವಿಲ್, ಕುದುರೆಗಳನ್ನು ತುಂಬಿದ ಮೇಲೆ ಬಾಗಿಲನ್ನು ಪೀಪಾಯಿಯಂತೆ ಬಿಗಿಯಾಗಿ ಸಂದು ಮುಚ್ಚುತ್ತಿದ್ದರು, ಏಕೆಂದರೆ ನಡುಗಡಲಿನಲ್ಲಿ ಆ ಬಾಗಿಲು ಪೂರ್ತಿಯಾಗಿ ನೀರಿನೊಳಗಿರುತ್ತದೆ ಎಂದು ದಾಖಲಿಸಿದ್ದಾನೆ.

ಅದೇ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದೂ ಇಂತಹುದನ್ನು ತಾನು ಬೇರೆಲ್ಲೂ ನೋಡಲಿಲ್ಲವೆಂದೂ ಇಬ್ನ್ ಬತೂತ ಬರೆದಿದ್ದಾನೆ. ವಿದ್ಯೆಯೂ ಕುಶಲ ಕೆಲಸವೂ ಒಂದೇ ಊರಿನಲ್ಲಿ ಬೆಳೆದಿದ್ದವೆಂಬುದು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಬಾಗಿಲಿನ ಶಾಸ್ತ್ರ

ಮರದ ಹಡಗಿನ ಎರಡು ಪಕ್ಕಗಳನ್ನು ಹಿಡಿದು ನಿಲ್ಲಿಸುವುದು ಅಡ್ಡ ತೊಲೆಗಳು. ತೊಲೆಗಳ ಮೇಲೆ ಹಲಗೆ ಹಾಸಿದರೆ ಡೆಕ್ ಆಗುತ್ತದೆ. ಅದರಲ್ಲಿ ದೊಡ್ಡ ಬಾಯಿ ಕೊರೆಯಬೇಕಾದರೆ ತೊಲೆಗಳನ್ನು ಕತ್ತರಿಸಬೇಕು. ಕತ್ತರಿಸಿದರೆ ಹಡಗಿನ ಬಲ ಕುಗ್ಗುತ್ತದೆ. ಆದ್ದರಿಂದ ಸಣ್ಣ ದೋಣಿಯಲ್ಲಿ ಎರಡು ತೊಲೆಗಳ ನಡುವಿನ ಜಾಗದಲ್ಲೇ ಬಾಗಿಲು ಇಡುವುದು ಲೇಸು. ತೊಲೆ ಕತ್ತರಿಸಲೇಬೇಕಾದರೆ ಅದರ ತುದಿಗಳನ್ನು ಬಾಯಿಯ ಪಕ್ಕದಲ್ಲಿ ಉದ್ದಕ್ಕೆ ಹಾಯುವ ದಪ್ಪ ಮರಗಳಿಗೆ ಜೋಡಿಸಿ, ಆ ಮರಗಳನ್ನು ಮುಂದಿನ ಮತ್ತು ಹಿಂದಿನ ಇಡೀ ತೊಲೆಗಳಿಗೆ ಬಿಗಿಯಬೇಕು. ಮನೆಯ ಸೂರಿನಲ್ಲಿ ಬೆಳಕಿಂಡಿ ತೆಗೆಯುವ ಬಡಗಿಯೂ ಮಾಡುವುದು ಇದನ್ನೇ.

ಎರಡನೆಯದು ಜಾಗ. ಗಾಳಿಗೆ ಹಾಯಿ ಹಡಗು ಒಂದು ಪಕ್ಕಕ್ಕೆ ವಾಲುತ್ತದೆ, ವಾಲಿದ ಕಡೆಯ ಅಂಚು ನೀರಿಗೆ ತಾಗುತ್ತದೆ. ಹಾಗಾಗಿ ಬಾಗಿಲು ನಡುಗೆರೆಯ ಮೇಲಿರಬೇಕು. ಮೂರನೆಯದು ಕಟ್ಟೆ. ಬಾವಿಗೆ ಕಟ್ಟೆ ಕಟ್ಟುವಂತೆ ಬಾಯಿಯ ಸುತ್ತಲೂ ಹಲಗೆಯ ಕಟ್ಟೆ ಎಬ್ಬಿಸಿದರೆ ಡೆಕ್ ಮೇಲೆ ಹರಿದ ನೀರು ಒಳಗೆ ಬೀಳುವುದಿಲ್ಲ. ದೊಡ್ಡ ಹಡಗುಗಳಿಗಾಗಿ 1966ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಅಲೆ ಹೆಚ್ಚು ಬಡಿಯುವ ಜಾಗದಲ್ಲಿ ಈ ಕಟ್ಟೆ ಕನಿಷ್ಠ 600 ಮಿಲಿಮೀಟರ್, ಉಳಿದೆಡೆ 450 ಮಿಲಿಮೀಟರ್ ಎತ್ತರವಿರಬೇಕೆಂದು ವಿಧಿಸಿತು.

ನಾಲ್ಕನೆಯದು ಮುಚ್ಚಳ. ಅದು ಡಬ್ಬಿಯ ಮುಚ್ಚಳದಂತೆ ಕಟ್ಟೆಯ ಹೊರಗಡೆಗೆ ಇಳಿದು ಕೂರಬೇಕು. ಕೀಲು ಹಡಗಿನ ಮುಂಭಾಗದ ಕಡೆಗಿದ್ದರೆ ಎದುರಿನಿಂದ ಬರುವ ಅಲೆ ಮುಚ್ಚಳವನ್ನು ತೆರೆಯದೆ ಇನ್ನಷ್ಟು ಅದುಮುತ್ತದೆ. ದೊಡ್ಡ ಬಾಯಿಗಳಿಗೆ ಹಲಗೆ ಜೋಡಿಸಿ, ಟಾರ್ಪಾಲಿನ್ ಹೊದಿಸಿ, ಅಂಚಿಗೆ ಪಟ್ಟಿ ಕೊಟ್ಟು ಬೆಣೆ ಹೊಡೆಯುತ್ತಾರೆ.

ಇಷ್ಟೊಂದು ಎಚ್ಚರ ಏಕೆ? ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1025 ಕಿಲೋಗ್ರಾಂ ತೂಗುತ್ತದೆ. ಅದು ಮೂಟೆಯಂತೆ ಇಟ್ಟಲ್ಲಿ ಇರುವುದಿಲ್ಲ. ಹಡಗು ವಾಲಿದ ಕಡೆಗೇ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ಹಡಗಿನ ಹೊಟ್ಟೆಯನ್ನು ಅಡ್ಡಗೋಡೆಗಳಿಂದ ಕೋಣೆಗಳಾಗಿ ಭಾಗಿಸಿದರೆ ಒಂದು ಕಡೆ ನುಗ್ಗಿದ ನೀರು ಎಲ್ಲ ಕಡೆ ಹರಡುವುದಿಲ್ಲ. ಚೀನಾದ ದೊಡ್ಡ ಹಡಗುಗಳಲ್ಲಿ ಇಂತಹ ಕೋಣೆಗಳಿದ್ದವೆಂದು ಮಾರ್ಕೊ ಪೋಲೋ ಹೇಳಿದ್ದಾನೆ. ಗಣಿಯ ಮಕ್ಕಳಾದ ನಮಗೆ ಇದು ಹೊಸದೇನಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ನಮ್ಮ ಗಣಿಗಳಲ್ಲೂ ಮನುಷ್ಯ, ಗಾಳಿ, ಅದಿರು ಎಲ್ಲವೂ ಶಾಫ್ಟಿನ ಬಾಯಿಯ ಮೂಲಕವೇ ಸಾಗಬೇಕಿತ್ತು. ಆ ಬಾಯಿಯನ್ನು ಕಾಯುವುದೆಂದರೆ ಕೆಳಗಿರುವವರ ಪ್ರಾಣ ಕಾಯುವುದೇ ಆಗಿತ್ತು.

ಮತ್ತೆ ಕಡಲಿಗೆ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಕಟ್ಟಡದ ಸಾಮಗ್ರಿ ಒಯ್ದ ಮರದ ಮಂಜಿಗಳು ಹಾಯಿಯಿಂದ ಎಂಜಿನ್ನಿಗೆ ಬದಲಾದವು. ಆದರೆ ಹೊಟ್ಟೆಯ ಬಾಗಿಲಿನ ನಿಯಮ ಬದಲಾಗಲಿಲ್ಲ. ಇನ್ನು, ತೆಂಗಿನ ಹುರಿಯಿಂದ ಹೊಲಿದ ಹಡಗು ಕಥೆಯಾಗಿಯೇ ಉಳಿಯಿತು ಎನ್ನುವಷ್ಟರಲ್ಲಿ, ಅಜಂತಾದ ಚಿತ್ರವೊಂದನ್ನು ಆಧರಿಸಿ ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ನೇತೃತ್ವದಲ್ಲಿ ಗೋವೆಯಲ್ಲಿ ಅಂತಹುದೇ ಒಂದನ್ನು ಕಟ್ಟಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಅದರ ಹೆಸರು ಕೌಂಡಿನ್ಯ. ಅದು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು ಮಸ್ಕತ್ ತಲುಪಿತು. ಟಿಪ್ಪುವಿನ ಕಾಲದಲ್ಲಿ ಮಂಗಳೂರಿನ ಅಕ್ಕಿ ಹೋಗುತ್ತಿದ್ದುದೂ, ಅವನ ವ್ಯಾಪಾರದ ಕೋಠಿ ಇದ್ದುದೂ ಅದೇ ಮಸ್ಕತ್ತಿನಲ್ಲಿ.

ಹಡಗು ಕಟ್ಟುವ ನಕ್ಷೆಯನ್ನು ಕಾಗದದ ಮೇಲೆ ಬರೆಯದೆ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ, ಕೈಕೆಲಸದಲ್ಲಿ ದಾಟಿಸಿದ ಬಡಗಿಗಳ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಒಂದು ತಲೆಮಾರು ಕೈಬಿಟ್ಟರೆ ಅಂತಹ ವಿದ್ಯೆಯನ್ನು ಮತ್ತೆ ಹುಡುಕಲು ಶತಮಾನಗಳ ಹಿಂದಿನ ಗೋಡೆಚಿತ್ರವನ್ನೇ ನೋಡಬೇಕಾಗುತ್ತದೆ. ಇಂದು ಅದನ್ನು ಪುಸ್ತಕದಿಂದ ಕಲಿಯುವ ದಾರಿಯೂ ತೆರೆದಿದೆ. ಮದ್ರಾಸ್ ಐ.ಐ.ಟಿ., ಕೊಚ್ಚಿನ್ ವಿಶ್ವವಿದ್ಯಾಲಯಗಳಲ್ಲಿ ಹಡಗು ನಿರ್ಮಾಣವು ಎಂಜಿನಿಯರಿಂಗ್ ಪದವಿಯ ವಿಷಯವಾಗಿದೆ. ಸಮುದ್ರವನ್ನೇ ಕಾಣದ ಬೂದಿಕೋಟೆಯಲ್ಲಿ ಹುಟ್ಟಿದವನು ಹಡಗು ಕಟ್ಟಿಸಿದನು. ಆಂಡರ್ಸನ್‌ಪೇಟೆಯ ಗಂಡುಮಕ್ಕಳೂ ಹೆಣ್ಣುಮಕ್ಕಳೂ ನಾಳೆ ಹಡಗಿನ ನಕ್ಷೆ ಬರೆಯುವುದು ಅದಕ್ಕಿಂತ ದೂರದ ಮಾತೇನಲ್ಲ.