ಕಡಲು ಮುಚ್ಚುವ ತಿಂಗಳುಗಳು: ಕರಾವಳಿ ವ್ಯಾಪಾರದ ಮಳೆಗಾಲದ ಚರಿತ್ರೆ

ಮಳೆ ಹಿಡಿದುಕೊಂಡಿತೆಂದರೆ ಮಂಗಳೂರಿನ ಹಳೆ ಬಂದರಿನ ಸದ್ದು ಇಳಿಯುತ್ತದೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತು ಹೋಗುವ ಮಂಜಿಗಳು ಮೇ ತಿಂಗಳ ಮಧ್ಯದಲ್ಲಿ ಯಾನ ನಿಲ್ಲಿಸಿದರೆ ಮತ್ತೆ ಹೊರಡುವುದು ಸೆಪ್ಟೆಂಬರ್ ಮಧ್ಯದಲ್ಲಿ. ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಆಸುಪಾಸಿನ ಚಹಾದಂಗಡಿ, ಹಗ್ಗದಂಗಡಿ, ಮಂಜುಗಡ್ಡೆಯ ಘಟಕ, ಲಾರಿ ಬಾಡಿಗೆಯವರು ಎಲ್ಲರಿಗೂ ಗಿರಾಕಿ ಕಡಿಮೆ. 'ವ್ಯಾಪಾರ ಹೇಗೆ?' ಎಂದು ಕೇಳಿದರೆ 'ಮಳೆ ಅಲ್ವಾ' ಎಂಬ ಎರಡೇ ಪದದ ಉತ್ತರ ಸಿಗುತ್ತದೆ.

ಈ ಎರಡು ಪದಗಳ ಹಿಂದೆ ಶತಮಾನಗಳ ಚರಿತ್ರೆಯಿದೆ. ನಮ್ಮ ಕರಾವಳಿಯ ಚರಿತ್ರೆ ಎಂದಾಗಲೆಲ್ಲ ನಾವು ಬಂದ ಹಡಗುಗಳ ಬಗ್ಗೆ ಮಾತನಾಡುತ್ತೇವೆ. ಕಾಳುಮೆಣಸು, ಕುದುರೆ, ಅಕ್ಕಿ, ಚಿನ್ನದ ಕಥೆ ಹೇಳುತ್ತೇವೆ. ಹಡಗುಗಳು ಬಾರದ ತಿಂಗಳುಗಳಲ್ಲಿ ಆ ವ್ಯಾಪಾರಿಗಳು ಏನು ಮಾಡುತ್ತಿದ್ದರು, ಅವರ ಕೈಕೆಳಗಿನವರು ಏನು ಉಣ್ಣುತ್ತಿದ್ದರು ಎಂದು ಕೇಳುವುದು ಅಪರೂಪ.

ಮೌಸಿಮ್ ಎಂಬ ಪದ

ಮಾನ್ಸೂನ್ ಎಂಬ ಪದದ ಮೂಲ ಅರಬಿಯ 'ಮೌಸಿಮ್'. ಅದರ ಅರ್ಥ ಮಳೆಯಲ್ಲ. ನಿಗದಿತ ಕಾಲ, ಋತು. ಉರ್ದುವಿನ 'ಮೌಸಮ್' ಕೂಡ ಅದೇ ಪದ. ನಾವಿಕರಿಗೆ ಅದು ಹಡಗು ಬಿಡುವ ಕಾಲ. ಏಡನ್‌ನಿಂದ ನಮ್ಮ ಕರೆಗೆ ಬರುವವರು ನೈಋತ್ಯ ಮಾರುತದ ಬಿರುಸು ಇಳಿಯುವ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಹೊರಡಬೇಕು. ಇಲ್ಲಿಂದ ಮರಳುವವರು ಈಶಾನ್ಯ ಮಾರುತವನ್ನು ಹಿಡಿದು ಬೇಸಿಗೆಯ ಒಳಗೆ ತಲುಪಬೇಕು. ಮಧ್ಯೆ ಸುಮಾರು ಮೂರು ತಿಂಗಳು ಭಾರತದ ಪಶ್ಚಿಮ ಕರಾವಳಿಗೆ ಯಾವ ಹಡಗೂ ಸುಳಿಯುವಂತಿಲ್ಲ. ಅರಬ್ ನಾವಿಕರು ಇದನ್ನು 'ಕಡಲು ಮುಚ್ಚುವುದು' ಎಂದೇ ಕರೆಯುತ್ತಿದ್ದರು. ಹದಿನೈದನೇ ಶತಮಾನದ ಪ್ರಸಿದ್ಧ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಯಾನದ ದಿನಗಳನ್ನು ಎಣಿಸಿ ಬರೆದಿಟ್ಟಿದ್ದಾನೆ.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಈ ನಾವಿಕರು ಮುಸ್ಲಿಮರಾಗಿದ್ದರೂ ಯಾನದ ಲೆಕ್ಕಕ್ಕೆ ಹಿಜರಿ ಪಂಚಾಂಗವನ್ನು ಬಳಸಲಿಲ್ಲ. ಚಾಂದ್ರಮಾನದ ಹಿಜರಿ ವರ್ಷ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಗಾಳಿ ಹಾಗೆ ಸರಿಯುವುದಿಲ್ಲ. ಆದ್ದರಿಂದ ಅವರು ಪಾರಸಿಕರ ನೈರೂಝ್ ದಿನದಿಂದ ಇಂತಿಷ್ಟನೇ ದಿನ ಎಂದು ಎಣಿಸುತ್ತಿದ್ದರು. ಹಬ್ಬಕ್ಕೊಂದು ಪಂಚಾಂಗ, ಹಡಗಿಗೊಂದು ಪಂಚಾಂಗ. ಇದರಲ್ಲಿ ಅವರಿಗೆ ಯಾವ ಗೊಂದಲವೂ ಕಾಣಲಿಲ್ಲ. ಮಂದಗತಿಯ ಕಾಲವನ್ನು ಎದುರಿಸುವ ಮೊದಲ ಪಾಠವನ್ನು ಅವರು ಹೀಗೆ ಕಲಿತಿದ್ದರು: ಅದು ಯಾವಾಗ ಬರುತ್ತದೆ, ಎಷ್ಟು ದಿನ ಇರುತ್ತದೆ ಎಂಬುದನ್ನು ಮೊದಲೇ ಬರೆದಿಡಬೇಕು. ವರ್ಷಕ್ಕೆ ಹನ್ನೆರಡು ತಿಂಗಳ ಖರ್ಚು, ಆದರೆ ಎಂಟು ತಿಂಗಳ ವ್ಯಾಪಾರ. ಈ ಲೆಕ್ಕದ ಮೇಲೆಯೇ ಅವರ ಉಳಿದೆಲ್ಲ ಏರ್ಪಾಡುಗಳು ನಿಂತಿದ್ದವು.

ಮಂಗಳೂರಿನ ಒಬ್ಬ ವ್ಯಾಪಾರಿ

ಹನ್ನೆರಡನೇ ಶತಮಾನದ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯಿದ್ದ. ಈಗಿನ ಟ್ಯುನೀಶಿಯದ ಮಹದಿಯಾ ಅವನ ಹುಟ್ಟೂರು. 1132ರ ಹೊತ್ತಿಗೆ ಇಲ್ಲಿಗೆ ಬಂದು ಸುಮಾರು 17 ವರ್ಷ ನೆಲೆಸಿದ. ಅವನಿಗೆ ಏಡನ್‌ನ ಪಾಲುದಾರರು ಬರೆದ ಪತ್ರಗಳು ಕೈರೋದ ಹಳೆಯ ಪ್ರಾರ್ಥನಾ ಮಂದಿರವೊಂದರ ಕಾಗದದ ಕೋಣೆಯಲ್ಲಿ ಉಳಿದು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು. ಅಮಿತಾವ್ ಘೋಷ್ ಅವರು 1992ರ ತಮ್ಮ ಪುಸ್ತಕದಲ್ಲಿ ಈ ವ್ಯಾಪಾರಿಯನ್ನೂ ಅವನ ಆಳು ಬೊಮ್ಮನನ್ನೂ ಸಾಮಾನ್ಯ ಓದುಗರಿಗೆ ಪರಿಚಯಿಸಿದರು.

ಬೆನ್ ಯಿಜು ದೊಡ್ಡ ಶ್ರೀಮಂತನೇನಲ್ಲ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿತ್ತು. ತಾಮ್ರ, ಸೀಸ, ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಅಲ್ಲಿಂದ ಬರುತ್ತಿತ್ತು. ಇದರ ಜೊತೆಗೆ ಅವನು ಕಂಚಿನ ಕುಲುಮೆಯೊಂದನ್ನು ನಡೆಸುತ್ತಿದ್ದ. ಏಡನ್‌ನವರು ಹಳೆಯ, ಮುರಿದ ಪಾತ್ರೆಗಳನ್ನು ಕಳಿಸಿ, ಇಷ್ಟು ತೂಕದ ಹರಿವಾಣ, ಇಂಥ ದೀಪ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಹಡಗಿನ ಕಾಲದಲ್ಲಿ ಬಂದಿಳಿದ ಲೋಹವನ್ನು ಯಾವ ತಿಂಗಳಲ್ಲಾದರೂ ಕರಗಿಸಬಹುದು. ಕೊಂಡು ಮಾರುವ ವ್ಯಾಪಾರಕ್ಕೆ ಕಡಲು ತೆರೆದಿರಬೇಕು. ಕುಲುಮೆಗೆ ಆ ಹಂಗಿಲ್ಲ.

ಎರಡನೆಯದಾಗಿ, ಅವನ ವ್ಯಾಪಾರ ನಿಂತದ್ದು ಪಾಲುದಾರಿಕೆಯ ಮೇಲೆ. ಒಂದು ಪತ್ರಕ್ಕೆ ಉತ್ತರ ಬರಬೇಕಾದರೆ ಒಂದು ಋತು ಕಳೆಯಬೇಕಿದ್ದ ಕಾಲವದು. ಸರಕನ್ನು ಒಂದೇ ಹಡಗಿಗೆ ತುಂಬದೆ ಹಲವು ಹಡಗುಗಳಿಗೆ ಹಂಚುವುದು ರೂಢಿ. ಆ ಹಡಗುಗಳ ಒಡೆಯರಲ್ಲಿ ಸೀರಾಫ್‌ನ ರಾಮಿಶ್ತ್ ಎಂಬ ಮುಸ್ಲಿಮನಿದ್ದ. ಈ ಪತ್ರಗಳಲ್ಲಿ 'ಫತನ್ ಸ್ವಾಮಿ' ಎಂದು ಕಾಣಿಸಿಕೊಳ್ಳುವ, ನಮ್ಮ ಶಾಸನಗಳ 'ಪಟ್ಟಣಸ್ವಾಮಿ'ಯನ್ನು ನೆನಪಿಸುವ ಸ್ಥಳೀಯನೂ ಇದ್ದ. ಯಹೂದಿಯ ಸರಕು, ಮುಸ್ಲಿಮನ ಹಡಗು, ಹಿಂದೂವಿನ ಹಡಗು. ಸೌಹಾರ್ದದ ಭಾಷಣ ಯಾರೂ ಮಾಡಿರಲಿಲ್ಲ. ವರ್ಷದಲ್ಲಿ ಕೆಲವೇ ತಿಂಗಳು ತೆರೆಯುವ ಕಡಲಿನಲ್ಲಿ ಒಬ್ಬರನ್ನೊಬ್ಬರು ನಂಬದೆ ಯಾರಿಗೂ ಬದುಕಿರಲಿಲ್ಲ, ಅಷ್ಟೇ.

ಈ ಪತ್ರಗಳಲ್ಲಿ ಒಂದು ಜಗಳವೂ ಇದೆ. ಏಲಕ್ಕಿ ತಂದುಕೊಡುತ್ತೇನೆಂದ ಸ್ಥಳೀಯ ಮಧ್ಯವರ್ತಿಯೊಬ್ಬನಿಗೆ ಬೆನ್ ಯಿಜು ಮುಂಗಡ ಕೊಟ್ಟ. ಏಲಕ್ಕಿ ಬರಲಿಲ್ಲ, ಹಣವೂ ಮರಳಲಿಲ್ಲ. ಏಡನ್‌ನ ಪಾಲುದಾರರು ಆ ನಷ್ಟ ನಿನ್ನದೇ ಎಂದು ಪಟ್ಟು ಹಿಡಿದರು. ಆ ಮಧ್ಯವರ್ತಿಯ ಮಾನ ಹರಾಜು ಹಾಕುವುದಾಗಿ ಹೆದರಿಸೆಂದೂ ಬರೆದರು. ಒಂಬೈನೂರು ವರ್ಷಗಳ ಹಿಂದಿನ ಈ ಜಗಳ ನಮಗೆ ಮುಖ್ಯವಾಗುವುದು ಅದರ ಹಿಂದಿನ ಪ್ರಶ್ನೆಯಿಂದ. ಕೈ ಬರಿದಾದ ಕಾಲದ ಭಾರವನ್ನು ಹೊರುವವರು ಯಾರು?

ಒಣಮೀನು, ಹುರಿಹಗ್ಗ, ಅಕ್ಕಿ

1342ರ ಸುಮಾರಿಗೆ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ, ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆಂದೂ ಪಾರ್ಸ್ ಮತ್ತು ಯಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆಂದೂ ಬರೆದಿದ್ದಾನೆ. ಇನ್ನೂ ದಕ್ಷಿಣಕ್ಕೆ, ಕೊಯಿಲಾಂಡಿ ಬಳಿಯ ಪಂತಲಾಯಿನಿಯಲ್ಲಿ ಚೀನೀ ಹಡಗುಗಳು ಋತು ಕಳೆಯಲು ತಂಗುತ್ತವೆ ಎಂಬ ಮಾತೂ ಅವನಲ್ಲಿದೆ. ತಂಗುವವರಿಗೆ ಮನೆ ಬೇಕು, ಊಟ ಬೇಕು, ಹಡಗಿನ ದುರಸ್ತಿಗೆ ಬಡಗಿ, ಹಾಯಿ ಹೊಲಿಯುವವರು, ಹುರಿಹಗ್ಗ ಹೊಸೆಯುವವರು ಬೇಕು. ಒಬ್ಬನ ಬಿಡುವಿನ ಕಾಲ ಇನ್ನೊಬ್ಬನ ದುಡಿಮೆಯ ಕಾಲವಾಗುವುದು ಹೀಗೆ.

ಊರಿನ ಒಳಗೂ ಇದೇ ಸಿದ್ಧತೆ. ತುಳುನಾಡಿನಲ್ಲಿ ಮೇ ತಿಂಗಳ ಕೊನೆಯ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮನೆಗಳಲ್ಲಿ ಸೌತೆಕಾಯಿಯನ್ನು ತೆಂಗಿನ ಗರಿಯಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುತ್ತಾರೆ. ಹಲಸಿನ ತೊಳೆ ಉಪ್ಪುನೀರಿಗೆ ಬೀಳುತ್ತದೆ. ಹಪ್ಪಳ, ಸಂಡಿಗೆ ಡಬ್ಬಿ ಸೇರುತ್ತವೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳು ಎಂದರೆ ಬಡವರ ಮನೆಯಲ್ಲಿ ಹಸಿವಿನ ತಿಂಗಳು ಎಂದೇ ಹಿರಿಯರ ನೆನಪು. ಆ ದಿನಗಳಿಗೆ ಒದಗಿ ಬರುತ್ತಿದ್ದುದು ಒಣಮೀನು. ಬೇಸಿಗೆಯಲ್ಲಿ ಅಗ್ಗವಾಗಿ ಸಿಕ್ಕ ಬೂತಾಯಿ, ಬಂಗುಡೆಯನ್ನು ಉಪ್ಪು ಹಾಕಿ ಒಣಗಿಸಿ ದಾಸ್ತಾನಿಟ್ಟ ವ್ಯಾಪಾರಿಗೆ ಮಳೆಗಾಲವೇ ಮಾರಾಟದ ಕಾಲ. ಆದರೆ ಇದಕ್ಕೆ ಉಪ್ಪು ಬೇಕು, ಬ್ರಿಟಿಷರ ಕಾಲದಲ್ಲಿ ಉಪ್ಪಿಗೆ ತೆರಿಗೆಯಿತ್ತು. ಮೀನು ಒಣಗಿಸುವವರಿಗೆ ಆ ತೆರಿಗೆಯ ಉಪ್ಪು ಗಿಟ್ಟುವುದಿಲ್ಲ ಎಂಬುದು ಸರಕಾರಕ್ಕೂ ಅರಿವಾಗಿ, 1870ರ ದಶಕದಿಂದ ಮದರಾಸು ಪ್ರಾಂತ್ಯದ ಕರಾವಳಿಯಲ್ಲಿ ತೆರಿಗೆರಹಿತ ಉಪ್ಪು ಕೊಡುವ ಅಂಗಳಗಳನ್ನು ತೆರೆಯಲಾಯಿತು. ಕೇವಲ ದುಡಿಮೆಯಿಂದ, ಮಿತವ್ಯಯದಿಂದ ಎಲ್ಲವೂ ಸರಿಹೋಗುವುದಿಲ್ಲ, ಸರಕಾರದ ಒಂದು ತೆರಿಗೆ ಬಡವನ ಅಟ್ಟವನ್ನು ಬರಿದು ಮಾಡಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಲಕ್ಷದ್ವೀಪದ ಅಮಿನಿ, ಕಿಲ್ತಾನ್, ಚೆತ್ಲಾತ್, ಕದ್‌ಮತ್ ದ್ವೀಪಗಳ ಕಥೆ ಇನ್ನೂ ಕಠಿಣ. 1787ರಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಸೇರಿದ ಈ ದ್ವೀಪಗಳು 1799ರ ಬಳಿಕ ಕಂಪೆನಿಯ ಕೈಗೆ ಹೋಗಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ತೆಂಗಿನ ನಾರಿನ ಹಗ್ಗ ಕೊಟ್ಟು ಅಕ್ಕಿ ಒಯ್ಯುವುದು ಅವರ ಬದುಕು. ಹಗ್ಗದ ಮೇಲೆ ಸರಕಾರದ ಏಕಸ್ವಾಮ್ಯ. ಬೇರೆ ಯಾರಿಗೂ ಮಾರುವಂತಿಲ್ಲ. ಕಡಲು ಮುಚ್ಚುವ ಮೊದಲು ಅಕ್ಕಿ ತಲುಪದಿದ್ದರೆ ಮುಂದಿನ ತಿಂಗಳುಗಳಿಗೆ ತೆಂಗಿನಕಾಯಿ ಮತ್ತು ಮೀನೇ ಗತಿ. ಗಡುವು ಹತ್ತಿರವಾದಷ್ಟೂ ಕೊಳ್ಳುವವನ ಕೈ ಮೇಲಾಗುತ್ತದೆ, ಮಾರುವವನ ಕೈ ಕೆಳಗಾಗುತ್ತದೆ.

ಮುಂಗಡದ ಸರಪಣಿ

ಇಲ್ಲಿ ನಾವು ನಮ್ಮ ಹಿರಿಯರ ಬಗೆಗಿನ ಹೆಮ್ಮೆಯನ್ನು ಸ್ವಲ್ಪ ಬದಿಗಿಡಬೇಕು. ಮಳೆಗಾಲದಲ್ಲಿ ಮೀನುಗಾರನ ಮನೆಯ ಒಲೆ ಉರಿಯಲು ವ್ಯಾಪಾರಿ ಮುಂಗಡ ಕೊಡುತ್ತಿದ್ದ. ಅದು ಉಪಕಾರವೇ ಸರಿ. ಆದರೆ ಆ ಮುಂಗಡದ ಜೊತೆ ಒಂದು ಷರತ್ತೂ ಬರುತ್ತಿತ್ತು: ಕಡಲು ತೆರೆದಾಗ ಹಿಡಿದ ಮೀನನ್ನು ತನಗೇ ಕೊಡಬೇಕು, ತಾನು ಹೇಳಿದ ಬೆಲೆಗೆ ಕೊಡಬೇಕು. ಲೆಕ್ಕದ ಪುಸ್ತಕದಲ್ಲಿ ಬಡ್ಡಿ ಎಂಬ ಪದ ಇರುವುದಿಲ್ಲ; ಇಳಿಸಿದ ಬೆಲೆಯಲ್ಲಿ ಅದು ಅಡಗಿ ಕುಳಿತಿರುತ್ತದೆ. ಬಡ್ಡಿಯನ್ನು ನಿಷಿದ್ಧವೆಂದು ನಂಬಿದ ವ್ಯಾಪಾರಿಯೂ ಈ ಬೆಲೆಕಡಿತವನ್ನು 'ವ್ಯಾಪಾರ' ಎಂದುಕೊಂಡು ನಿಶ್ಚಿಂತನಾಗಿರಬಹುದಿತ್ತು. ಹಾಗೆಂದು ಅವನನ್ನು ಖಳನಾಯಕನನ್ನಾಗಿ ಮಾಡಿದರೂ ತಪ್ಪಾಗುತ್ತದೆ. ಸಣ್ಣ ವ್ಯಾಪಾರಿ ಸಗಟು ವ್ಯಾಪಾರಿಗೆ, ಅವನು ಅವನಿಗಿಂತ ದೊಡ್ಡವನಿಗೆ ಋಣಿ. ಮಂದಕಾಲದ ಭಾರ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಕೊನೆಗೆ ಇನ್ನೊಬ್ಬರ ಮೇಲೆ ಹೇರಲಾಗದವನ ಹೆಗಲಿಗೆ ಬೀಳುತ್ತಿತ್ತು.

ಮಳೆ ಯಾರಿಗೆ ನಿಂತಿತು?

1907ರಲ್ಲಿ ಮಂಗಳೂರಿಗೆ ರೈಲು ಬಂತು. 1974ರಲ್ಲಿ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದು ಸರ್ವಋತು ಬಂದರು. ಮಳೆಗಾಲದಲ್ಲೂ ಹಡಗು ಬರುತ್ತದೆ. ಸಾವಿರ ವರ್ಷ ಎಲ್ಲರಿಗೂ ಒಂದೇ ಆಗಿದ್ದ ಕಡಲು ಅಲ್ಲಿಂದೀಚೆಗೆ ಎರಡಾಯಿತು. ದೊಡ್ಡ ಬಂಡವಾಳಕ್ಕೆ ಕಡಲು ಹನ್ನೆರಡು ತಿಂಗಳೂ ತೆರೆದಿದೆ. ಮಂಜಿಯವನಿಗೆ, ಸಣ್ಣ ದೋಣಿಯವನಿಗೆ ಇನ್ನೂ ಮುಚ್ಚುತ್ತದೆ.

ಮೀನುಗಾರರಿಗಾಗಿ ಸರಕಾರ ಉಳಿತಾಯ ಮತ್ತು ಪರಿಹಾರ ಯೋಜನೆಯೊಂದನ್ನು ನಡೆಸುತ್ತಿದೆ. ದುಡಿಮೆಯ ತಿಂಗಳುಗಳಲ್ಲಿ ಮೀನುಗಾರ ಒಂದಿಷ್ಟು ಹಣ ಕೂಡಿಟ್ಟರೆ ಕೇಂದ್ರ ಮತ್ತು ರಾಜ್ಯ ತಮ್ಮ ಪಾಲನ್ನು ಸೇರಿಸಿ, ಒಟ್ಟು ಮೊತ್ತವನ್ನು ಮೀನಿಲ್ಲದ ತಿಂಗಳುಗಳಲ್ಲಿ ಹಂಚುತ್ತವೆ. ಮೊತ್ತ ಚಿಕ್ಕದು, ಇಂದಿನ ಬೆಲೆಯಲ್ಲಿ ಒಂದು ತಿಂಗಳ ದಿನಸಿಗೂ ಸಾಲದು. ಆದರೂ ಅದರ ಹಿಂದಿನ ತತ್ವ ಮುಂಗಡದ ತತ್ವಕ್ಕೆ ವಿರುದ್ಧವಾದದ್ದು. ಅಲ್ಲಿ ಬರಲಿರುವ ದುಡಿಮೆಯನ್ನು ಒತ್ತೆಯಿಟ್ಟು ಉಣ್ಣಬೇಕು. ಇಲ್ಲಿ ಆಗಿಹೋದ ದುಡಿಮೆಯಲ್ಲಿ ಉಳಿಸಿದ್ದನ್ನು ಉಣ್ಣಬಹುದು.

ನಮ್ಮ ಬಟ್ಟೆಯಂಗಡಿ, ಚಪ್ಪಲಿಯಂಗಡಿ, ದರ್ಜಿಯ ಅಂಗಡಿಗಳಿಗೂ ಇದು ಅನ್ವಯಿಸುತ್ತದೆ. ರಮಝಾನ್ ಅವರ ಸುಗ್ಗಿ. ಅದು ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2013ರಿಂದ 2016ರವರೆಗೆ ರಮಝಾನ್ ಮಳೆಗಾಲಕ್ಕೆ ಬಿದ್ದಾಗ ಸುಗ್ಗಿಯೂ ಮಳೆಯೂ ಒಟ್ಟಿಗೆ ಬಂದವು. ಹಬ್ಬ ಬೇಸಿಗೆಯ ಕಡೆಗೆ ಸರಿದ ಮೇಲೆ ಮಳೆಯ ತಿಂಗಳುಗಳಿಗೆ ಆಸರೆಯೇ ಉಳಿಯಲಿಲ್ಲ. ಎರಡು ಪಂಚಾಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದ ಆ ಹಳೆಯ ನಾವಿಕನಿಗೆ ಇದು ಮೊದಲೇ ತಿಳಿಯುತ್ತಿತ್ತು. ನಮ್ಮಲ್ಲಿ ಎಷ್ಟು ಅಂಗಡಿಗಳಲ್ಲಿ ಮುಂದಿನ ಮೂರು ವರ್ಷದ ರಮಝಾನ್ ಯಾವ ತಿಂಗಳಲ್ಲಿ ಬರುತ್ತದೆಂಬುದನ್ನು ನೋಡಿ ಸಾಲದ ಕಂತು ನಿಗದಿಯಾಗುತ್ತದೆ?

ಹಿರಿಯರಿಂದ ಕಲಿಯಬೇಕಾದದ್ದು ಇಷ್ಟು. ಮಂದಕಾಲದ ದಿನಗಳನ್ನು ಮೊದಲೇ ಎಣಿಸಬೇಕು. ಕೊಂಡು ಮಾರುವುದರ ಜೊತೆಗೆ ಕೈಯಿಂದ ಮಾಡುವ, ದುರಸ್ತಿ ಮಾಡುವ ಕೆಲಸವೊಂದಿರಬೇಕು. ಸರಕನ್ನು ಒಂದೇ ಹಡಗಿಗೆ ತುಂಬಬಾರದು. ಅವರಿಂದ ಕಲಿಯಬಾರದ್ದೂ ಒಂದಿದೆ: ಭಾರವನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ತಾನು ಪಾರಾಗುವುದು. ಮಳೆ ಬಂದೊಡನೆ 'ಎರಡು ತಿಂಗಳು ಬಿಟ್ಟು ಬಾ' ಎಂದು ನಾವು ಮನೆಗೆ ಕಳಿಸುವುದು ಅಂಗಡಿಯ ಹುಡುಗನನ್ನು. ಅವನ ಮನೆಯಲ್ಲಿಯೂ ಆಟಿ ತಿಂಗಳಿದೆ. ಸುಗ್ಗಿಯ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಅವನನ್ನು ನಿಲ್ಲಿಸಿಕೊಂಡವರು ನಾವೇ. ಆ ದಿನಗಳ ಲಾಭದಲ್ಲಿ ಅವನ ಎರಡು ತಿಂಗಳ ಸಂಬಳವನ್ನು ಮೊದಲೇ ಎತ್ತಿಟ್ಟರೆ, ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಹೊತ್ತಿಗೆ ನಮ್ಮ ಅಂಗಡಿಯ ಬಾಗಿಲು ತೆರೆಯಲು ಅದೇ ಹುಡುಗ ಬಂದಿರುತ್ತಾನೆ, ಯಾರಿಗೂ ಸಾಲಗಾರನಾಗದೆ.