ಡಂಜನ್ಸ್ ಅಂಡ್ ಡ್ರ್ಯಾಗನ್ಸ್
ಮೇಜಿನ ಸುತ್ತ ಕುಳಿತು ಬಹುಪಾಲು ಮಾತಿನಲ್ಲೇ ಆಡುವ ಪಾತ್ರಧಾರಣೆಯ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ಪುಟ್ಟ ಬೊಂಬೆಗಳ ಸೇನೆಗಳನ್ನು ಕಾದಾಡಿಸುವ ಯುದ್ಧದಾಟಗಳಿಂದ ಹುಟ್ಟಿದರೂ ಇಲ್ಲಿ ಆಟಗಾರನ ಪಾಲಿಗೆ ಬರುವುದು ಇಡೀ ಸೇನೆಯಲ್ಲ, ಒಂದೇ ಪಾತ್ರ. ಆಟದ ನಿಜವಾದ ಹೊಸತನ ಇದೇ. ಡಂಜನ್ ಮಾಸ್ಟರ್ ಆದವರು ಸನ್ನಿವೇಶವನ್ನು ಬಣ್ಣಿಸುತ್ತಾರೆ. ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಪಾತ್ರ ವಹಿಸಿದ ಉಳಿದವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಈಗಿನ ಆವೃತ್ತಿಗಳಲ್ಲಿ, ಫಲಿತಾಂಶ ಖಚಿತವಿಲ್ಲದ ಕಡೆ ಇಪ್ಪತ್ತು ಮುಖಗಳ ದಾಳ ಉರುಳಿಸಿ, ಬಿದ್ದ ಅಂಕಿಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ ತೀರ್ಮಾನಿಸಲಾಗುತ್ತದೆ. ಒಂದೇ ಕಥೆ ವರ್ಷಗಟ್ಟಲೆ ಸಾಗಬಹುದು. ಅನುಭವದ ಅಂಕ ಗಳಿಸಿ ಮೇಲಿನ ಹಂತಕ್ಕೇರುವ ಕ್ರಮವನ್ನು ವಿಡಿಯೊ ಗೇಮ್‌ಗಳು ಇದರಿಂದಲೇ ಧಾರಾಳವಾಗಿ ಪಡೆದಿವೆ. 1997ರಿಂದ ಇದು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಒಡೆತನದಲ್ಲಿದೆ.