ಅಂಗೈಗೆ ಬಂದ ಸದಿಶ ಜಾಲ ವಿಶ್ಲೇಷಕ

ಉದ್ದನೆಯ ಹಗ್ಗವೊಂದರ ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಮೇಲಕ್ಕೆ ಕೊಡಹಿ. ಉಬ್ಬೊಂದು ಹಗ್ಗದುದ್ದಕ್ಕೂ ಸಾಗಿ, ಸರಳನ್ನು ಮುಟ್ಟಿ ಹಿಂದಿರುಗುತ್ತದೆ. ಹಿಂದಿರುಗುವಾಗ ಅದು ತಲೆಕೆಳಗಾಗಿರುತ್ತದೆ. ಈಗ ಹಗ್ಗಕ್ಕೂ ಸರಳಿಗೂ ನಡುವೆ ತೆಳುವಾದ ದಾರವೊಂದನ್ನು ಕಟ್ಟಿ ಅದೇ ಪ್ರಯೋಗ ಮಾಡಿ. ಈ ಬಾರಿ ಉಬ್ಬು ಉಬ್ಬಾಗಿಯೇ ಮರಳುತ್ತದೆ. ಎರಡು ಸಂದರ್ಭಗಳಲ್ಲೂ ಹಿಂದಿರುಗಿದ ಅಲೆಯ ಪಾರ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಪ್ರಾವಸ್ಥೆಯಲ್ಲಿ. ಹಗ್ಗದ ಆಚೆ ತುದಿಯಲ್ಲಿ ಏನಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬೇಕಾದರೆ ಪಾರವೊಂದೇ ಸಾಲದು, ಪ್ರಾವಸ್ಥೆಯೂ ಬೇಕು.

ರೇಡಿಯೋ ಪ್ರೇಷಕದಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನಲ್ಲೂ ಇದೇ ನಡೆಯುತ್ತದೆ. ಆಂಟೆನಾ ಸರಿಹೊಂದದಿದ್ದರೆ ಅಲೆಯ ಒಂದು ಭಾಗ ಹಿಂದಿರುಗುತ್ತದೆ. ಹಿಂದಿರುಗಿದ ಅಲೆಯ ಪಾರ ಮತ್ತು ಪ್ರಾವಸ್ಥೆ ಎರಡನ್ನೂ ಅಳೆಯುವ ಉಪಕರಣವೇ ಸದಿಶ ಜಾಲ ವಿಶ್ಲೇಷಕ, ಅಂದರೆ ವೆಕ್ಟರ್ ನೆಟ್‌ವರ್ಕ್ ಅನಲೈಸರ್. ಒಂದು ಕಾಲದಲ್ಲಿ ದೊಡ್ಡ ಸಂಶೋಧನಾಲಯಗಳ ಸ್ವತ್ತಾಗಿದ್ದ ಇದು ಇಂದು ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರ ಅಂಗಿಯ ಜೇಬಿನಲ್ಲಿದೆ. ಇದು ಅಲ್ಲಿಗೆ ಬಂದು ಸೇರಿದ ಬಗೆಯನ್ನು ನೋಡೋಣ.

ತಂತಿಯಲ್ಲಿ ನಿಂತ ಅಲೆಗಳು

ಪ್ರತಿಫಲನವನ್ನು ಬಳಸಿ ವಿದ್ಯುತ್ಕಾಂತ ಅಲೆಯನ್ನು ಅಳೆದ ಮೊದಲಿಗ ಹೈನ್ರಿಕ್ ಹರ್ಟ್ಸ್. 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಆತ ಗೋಡೆಗೆ ಸತುವಿನ ತಗಡನ್ನು ನಿಲ್ಲಿಸಿ ಅದರತ್ತ ಅಲೆಗಳನ್ನು ಕಳುಹಿಸಿದ. ಹೋಗುವ ಅಲೆ ಮತ್ತು ಮರಳುವ ಅಲೆ ಸೇರಿ ಸ್ಥಾಯೀ ಅಲೆ ಉಂಟಾಯಿತು. ತಂತಿಯ ಬಳೆಯೊಂದನ್ನು ಅಲ್ಲಲ್ಲಿ ಹಿಡಿದು, ಕಿಡಿ ಎಲ್ಲಿ ಹಾರುತ್ತದೆ, ಎಲ್ಲಿ ಆರುತ್ತದೆ ಎಂದು ಗುರುತಿಸಿ ಅಲೆಯ ಉದ್ದವನ್ನು ಕಂಡುಕೊಂಡ. ಆಸ್ಟ್ರಿಯದ ಅರ್ನ್‌ಸ್ಟ್ ಲೆಕರ್ ಇದೇ ಉಪಾಯವನ್ನು ಎರಡು ಸಮಾನಾಂತರ ತಂತಿಗಳ ಮೇಲೆ ಬಳಸಿದ.

ಅದೇ ದಶಕದಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ತಂತಿಯಲ್ಲಿ ಸಾಗುವ ಅಲೆಯ ಗಣಿತವನ್ನು ಕಟ್ಟುತ್ತಿದ್ದ. ಇಂಪೀಡೆನ್ಸ್ ಎಂಬ ಪದವನ್ನು 1886ರಲ್ಲಿ ಬಳಕೆಗೆ ತಂದವನು ಆತನೇ. 1893ರಲ್ಲಿ ಅಮೆರಿಕದ ಆರ್ಥರ್ ಕೆನೆಲಿ ಇಂಪೀಡೆನ್ಸನ್ನು ಸಂಮಿಶ್ರ ಸಂಖ್ಯೆಯಾಗಿ ಬರೆದು ತೋರಿಸಿದ. ವಾಸ್ತವ ಭಾಗ ರೋಧವನ್ನೂ, ಕಾಲ್ಪನಿಕ ಭಾಗ ಪ್ರೇರಕ ಅಥವಾ ಧಾರಕದ ಪ್ರಭಾವವನ್ನೂ ಸೂಚಿಸುತ್ತದೆ. ಅಳೆಯಬೇಕಾದ್ದು ಒಂದಲ್ಲ, ಎರಡು ಸಂಖ್ಯೆಗಳು ಎಂಬುದು ಅಂದೇ ಸ್ಪಷ್ಟವಾಗಿತ್ತು. ಆ ಎರಡನೆಯದನ್ನು ಅಳೆಯುವುದೇ ಕಷ್ಟದ ಕೆಲಸವಾಗಿತ್ತು.

ಸ್ಮಿತ್ ಬರೆದ ವೃತ್ತ

1928ರಲ್ಲಿ ಬೆಲ್ ಪ್ರಯೋಗಾಲಯಕ್ಕೆ ಸೇರಿದ ಫಿಲಿಪ್ ಸ್ಮಿತ್ ಕಾಲೇಜಿನ ದಿನಗಳಿಂದಲೇ ಹ್ಯಾಮ್. ತಂತಿಯುದ್ದಕ್ಕೂ ಸ್ಥಾಯೀ ಅಲೆಯ ಏರಿಳಿತವನ್ನು ಅಳೆದು ಇಂಪೀಡೆನ್ಸನ್ನು ಲೆಕ್ಕಹಾಕುವುದು ಆತನ ಉದ್ಯೋಗ. ಪ್ರತಿ ಅಳತೆಗೂ ಸಂಮಿಶ್ರ ಸಂಖ್ಯೆಗಳ ಉದ್ದುದ್ದ ಗುಣಾಕಾರ, ಭಾಗಾಕಾರ. ಕೈಯಲ್ಲಿದ್ದುದು ಸ್ಲೈಡ್ ರೂಲ್ ಮಾತ್ರ. ಈ ಶ್ರಮವನ್ನು ತಪ್ಪಿಸಲು ಸ್ಮಿತ್ ಒಂದು ನಕ್ಷೆಯನ್ನು ರೂಪಿಸಿದ. ಅದು 1939ರ ಜನವರಿಯಲ್ಲಿ ‘ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಪಾನಿನ ಮಿಜುಹಾಶಿ 1937ರಲ್ಲಿಯೇ ಇಂಥದೇ ನಕ್ಷೆಯನ್ನು ಪ್ರಕಟಿಸಿದ್ದರು. ಆದರೆ ಜಗತ್ತಿನಲ್ಲಿ ಹೆಸರು ನಿಂತಿದ್ದು ಸ್ಮಿತ್‌ನದು.

ಸ್ಮಿತ್ ನಕ್ಷೆ ಒಂದು ವೃತ್ತ. ಕೇಂದ್ರವೆಂದರೆ ಪೂರ್ಣ ಹೊಂದಾಣಿಕೆ, ಪ್ರತಿಫಲನ ಶೂನ್ಯ. ಪರಿಧಿಯೆಂದರೆ ಪೂರ್ಣ ಪ್ರತಿಫಲನ. ಬಲತುದಿ ತೆರೆದ ತಂತಿ, ಎಡತುದಿ ಶಾರ್ಟ್ ಮಾಡಿದ ತಂತಿ. ಮೇಲರ್ಧ ಪ್ರೇರಕದ್ದು, ಕೆಳಗಿನರ್ಧ ಧಾರಕದ್ದು. ಕೇಬಲ್ಲಿನಲ್ಲಿ ಅರ್ಧ ಅಲೆಯುದ್ದ ಮುಂದೆ ಸರಿದರೆ ನಕ್ಷೆಯಲ್ಲಿ ಒಂದು ಸುತ್ತು ಮುಗಿಯುತ್ತದೆ. ಇಂದಿನ ಅಂಗೈ ಯಂತ್ರದ ಪರದೆಯ ಮೇಲೆ ನಿಮಗೆ ಕಾಣುವ ವೃತ್ತ ಇದೇ.

ಎರಡನೆಯ ಮಹಾಯುದ್ಧದ ರೇಡಾರ್ ಕೆಲಸ ಈ ವಿದ್ಯೆಯನ್ನು ಸೂಕ್ಷ್ಮ ತರಂಗಗಳಿಗೆ ವಿಸ್ತರಿಸಿತು. ಉದ್ದಕ್ಕೆ ಸೀಳು ಬಿಟ್ಟ ಲೋಹದ ಕೊಳವೆಯಲ್ಲಿ ಪುಟ್ಟ ಶೋಧಕವನ್ನು ಸರಿಸುತ್ತ ಸ್ಥಾಯೀ ಅಲೆಯ ಗರಿಷ್ಠ, ಕನಿಷ್ಠ ಸ್ಥಾನಗಳನ್ನು ಗುರುತಿಸುತ್ತಿದ್ದರು. ಗರಿಷ್ಠ ಮತ್ತು ಕನಿಷ್ಠಗಳ ಅನುಪಾತದಿಂದ ಪ್ರತಿಫಲನದ ಪ್ರಮಾಣ, ಕನಿಷ್ಠದ ಸ್ಥಾನದಿಂದ ಪ್ರಾವಸ್ಥೆ ದೊರೆಯುತ್ತಿತ್ತು. ಒಂದೊಂದು ಆವೃತ್ತಿಗೂ ಮತ್ತೆ ಮೊದಲಿನಿಂದ ಅಳೆಯಬೇಕಿತ್ತು.

ಈ ಮಾಪನ ವಿದ್ಯೆ ಕರ್ನಾಟಕಕ್ಕೆ ಬಂದುದರಲ್ಲಿ ರಾಜೇಶ್ವರಿ ಚಟರ್ಜಿ ಅವರ ಪಾಲು ದೊಡ್ಡದು. 1922ರಲ್ಲಿ ಜನಿಸಿದ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೋ ಆವೃತ್ತಿ ಮಾಪನ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ ಪಡೆದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಸೂಕ್ಷ್ಮ ತರಂಗ ಸಂಶೋಧನೆಯನ್ನು ಬೆಳೆಸಿದರು. 2010ರಲ್ಲಿ ಅವರು ನಿಧನರಾದರು.

ಹವ್ಯಾಸಿಗೆ ಸಿಕ್ಕ ಅರ್ಧ ಉತ್ತರ

ಸೀಳು ಕೊಳವೆ ಹ್ಯಾಮ್‌ಗಳಿಗೆ ಉಪಯೋಗವಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 43 ಮೀಟರ್. ಅಷ್ಟುದ್ದದ ಕೊಳವೆಯನ್ನು ಮನೆಯಲ್ಲಿ ಎಲ್ಲಿಡುವುದು? ಅವರಿಗೆ ನೆರವಾದದ್ದು ಮುಂದೆ ಹೋಗುವ ಮತ್ತು ಹಿಂದೆ ಬರುವ ಅಲೆಗಳನ್ನು ಬೇರ್ಪಡಿಸಿ ತೋರಿಸುವ ಮಾಪಕ. ಕಾಲಿನ್ಸ್ ರೇಡಿಯೋದ ವಾರನ್ ಬ್ರೂನಿ 1959ರ ಏಪ್ರಿಲ್‌ನಲ್ಲಿ ‘ಕ್ಯೂಎಸ್‌ಟಿ’ ಪತ್ರಿಕೆಯಲ್ಲಿ ವಿವರಿಸಿದ ಮಂಡಲ ಎಷ್ಟೋ ಹ್ಯಾಮ್‌ಗಳ ಪ್ರೇಷಕಗಳಲ್ಲಿ ಮನೆಮಾಡಿತು. ಇದು ಕೊಡುವ ಸಂಖ್ಯೆ ಸ್ಥಾಯೀ ಅಲೆ ಅನುಪಾತ, ಹ್ಯಾಮ್‌ಗಳ ಬಾಯಲ್ಲಿ ‘ಎಸ್‌ಡಬ್ಲ್ಯುಆರ್’. 1 ಎಂದರೆ ಪೂರ್ಣ ಹೊಂದಾಣಿಕೆ. ಸಂಖ್ಯೆ ಹೆಚ್ಚಿದಷ್ಟೂ ಪ್ರತಿಫಲನ ಹೆಚ್ಚು.

ಈ ಸಂಖ್ಯೆಯ ಮಿತಿಯೇನು? ಒಂದು ಲೆಕ್ಕ ಮಾಡಿ ನೋಡಿ. ಕೇಬಲ್ಲಿನ ಲಾಕ್ಷಣಿಕ ಇಂಪೀಡೆನ್ಸ್ 50 ಓಮ್ ಇರಲಿ. ಆಂಟೆನಾದ ಇಂಪೀಡೆನ್ಸಿನಿಂದ 50 ಕಳೆದು, ಆ ಇಂಪೀಡೆನ್ಸಿಗೆ 50 ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಪ್ರತಿಫಲನ ಗುಣಾಂಕ ಸಿಗುತ್ತದೆ. ಆಂಟೆನಾ 100 ಓಮ್ ಇದ್ದರೆ ಗುಣಾಂಕ ಮೂರನೇ ಒಂದು; ಅನುಪಾತ 2. ಆಂಟೆನಾ 25 ಓಮ್ ಇದ್ದರೆ ಗುಣಾಂಕ ಋಣ ಮೂರನೇ ಒಂದು. ಅನುಪಾತ ಮತ್ತೆ 2. ಆಂಟೆನಾ 40 + ಜೆ30 ಓಮ್ ಇದ್ದರೆ? ಗುಣಾಂಕದ ಪಾರ ಆಗಲೂ ಮೂರನೇ ಒಂದೇ. ಅನುಪಾತ 2!

ಮೂರು ಬೇರೆ ಬೇರೆ ದೋಷಗಳಿಗೆ ಮಾಪಕ ಒಂದೇ ಉತ್ತರ ಕೊಟ್ಟಿತು. ಮೂರನೆಯದರಲ್ಲಿ ಧನ 30 ಓಮ್ ಪ್ರೇರಕ ಭಾಗವಿದೆ. 7.1 ಮೆಗಾಹರ್ಟ್ಸ್‌ನಲ್ಲಿ ಸುಮಾರು 750 ಪಿಕೊಫ್ಯಾರಡ್‌ನ ಧಾರಕವನ್ನು ಸರಣಿಯಲ್ಲಿ ಸೇರಿಸಿದರೆ ಅದು ರದ್ದಾಗಿ 40 ಓಮ್ ಉಳಿಯುತ್ತದೆ, ಅನುಪಾತ 1.25ಕ್ಕೆ ಇಳಿಯುತ್ತದೆ. ದ್ವಿಧ್ರುವ ಆಂಟೆನಾದಲ್ಲಿ ಧನ ಚಿಹ್ನೆ ಬಂದರೆ ತಂತಿ ತುಸು ಉದ್ದವಾಗಿದೆ ಎಂದೂ, ಋಣ ಚಿಹ್ನೆ ಬಂದರೆ ಗಿಡ್ಡವಾಗಿದೆ ಎಂದೂ ತಿಳಿಯಬೇಕು. ಬರಿಯ ಅನುಪಾತ ನೋಡಿದವರು ತಂತಿಯನ್ನು ಕತ್ತರಿಸಬೇಕೋ ಬೆಸೆಯಬೇಕೋ ಎಂದು ತಿಳಿಯಲು ಹಲವು ಸಲ ಕಂಬ ಹತ್ತಿ ಇಳಿಯಬೇಕಾಗುತ್ತಿತ್ತು.

ಇದು ಕೇವಲ ಹವ್ಯಾಸದ ಪ್ರಶ್ನೆಯೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಅಪ್ಪಳಿಸಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗ ಹ್ಯಾಮ್‌ಗಳು ಅಂಡಮಾನ್‌ನಿಂದ ಸುದ್ದಿ ತಲುಪಿಸಿದ್ದು ರೇಡಿಯೋ ಮೂಲಕ. ಅಂಥ ಹೊತ್ತಿನಲ್ಲಿ ಸಿಕ್ಕ ತಂತಿಯಿಂದ, ಸಿಕ್ಕ ಮರಕ್ಕೆ ಆಂಟೆನಾ ಕಟ್ಟಬೇಕು. ಪದೇ ಪದೇ ಕತ್ತರಿಸಿ ನೋಡುವಷ್ಟು ಪುರುಸೊತ್ತು ಇರುವುದಿಲ್ಲ.

ಕೋಣೆಯಿಂದ ಜೇಬಿಗೆ

1967ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ 8410 ವಿಶ್ಲೇಷಕ ಬಂತು. ಆವೃತ್ತಿಯನ್ನು ಏರಿಸುತ್ತ ಹೋದಂತೆ ಪಾರವನ್ನೂ ಪ್ರಾವಸ್ಥೆಯನ್ನೂ ಪರದೆಯ ಮೇಲೆ ತೋರಿಸುತ್ತಿದ್ದ ಇದು 12.4 ಗಿಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತಿತ್ತು. 1984ರಲ್ಲಿ ಬಂದ 8510 ತನ್ನೊಳಗಿನ ಗಣಕದಿಂದಲೇ ದೋಷಗಳನ್ನು ಲೆಕ್ಕಹಾಕಿ ಕಳೆಯುತ್ತಿತ್ತು. ಆದರೆ ಇವುಗಳ ಬೆಲೆ ಸಾಮಾನ್ಯ ಕಾಲೇಜುಗಳಿಗೂ ನಿಲುಕುವಂತಿರಲಿಲ್ಲ.

ಹೊಸ ಶತಮಾನದಲ್ಲಿ ಹ್ಯಾಮ್‌ಗಳೇ ಈ ಕೆಲಸಕ್ಕೆ ಕೈಹಾಕಿದರು. 2004ರಲ್ಲಿ ಟಾಮ್ ಮೆಕ್‌ಡರ್ಮಟ್ ಮತ್ತು ಕಾರ್ಲ್ ಐರ್ಲೆಂಡ್ 100 ಮೆಗಾಹರ್ಟ್ಸ್‌ವರೆಗಿನ ಅಗ್ಗದ ವಿಶ್ಲೇಷಕವನ್ನು ‘ಕ್ಯುಇಎಕ್ಸ್’ ಪತ್ರಿಕೆಯಲ್ಲಿ ವಿವರಿಸಿದರು. 2007ರಲ್ಲಿ ಅದೇ ಪತ್ರಿಕೆಯಲ್ಲಿ ಜರ್ಮನಿಯ ಥಾಮಸ್ ಬೈಯರ್ ಇನ್ನೊಂದು ವಿನ್ಯಾಸವನ್ನು ಪ್ರಕಟಿಸಿದರು. ಅದರಲ್ಲಿ ಅಳತೆ ತೆಗೆದುಕೊಳ್ಳುತ್ತಿದ್ದುದು ಮನೆಯ ಗಣಕದ ಸೌಂಡ್ ಕಾರ್ಡ್! ಎರಡಕ್ಕೂ ಪಕ್ಕದಲ್ಲಿ ಗಣಕ ಬೇಕೇ ಬೇಕಿತ್ತು.

2016ರ ಸುಮಾರಿಗೆ ಜಪಾನಿನ ತೊಮೊಹಿರೊ ತಕಹಾಶಿ ರೂಪಿಸಿದ ‘ನ್ಯಾನೊವಿಎನ್‌ಎ’ ಆ ಬಂಧನವನ್ನೂ ಕಳಚಿತು. ಇದರ ಜಾಣ್ಮೆ ಇರುವುದು ಬೇರೆ ಕೆಲಸಕ್ಕೆಂದು ಲಕ್ಷಗಟ್ಟಲೆ ತಯಾರಾಗುವ ಚಿಪ್‌ಗಳನ್ನು ಇಲ್ಲಿಗೆ ಒಗ್ಗಿಸಿಕೊಂಡುದರಲ್ಲಿ. ಅಲೆಯನ್ನು ಉತ್ಪಾದಿಸುವುದು ಡಿಜಿಟಲ್ ಮಂಡಲಗಳಿಗೆ ಗಡಿಯಾರದ ಮಿಡಿತ ಕೊಡುವ ಚಿಪ್. ಅದು ಹೊಮ್ಮಿಸುವುದು ಚೌಕ ಅಲೆ. ಚೌಕ ಅಲೆಯಲ್ಲಿ ಮೂಲ ಆವೃತ್ತಿಯ ಮೂರರಷ್ಟು, ಐದರಷ್ಟು ಆವೃತ್ತಿಯ ಅಂಶಗಳೂ ಇರುತ್ತವೆ ಎಂದು ಫೂರಿಯೆ ವಿಶ್ಲೇಷಣೆ ಓದಿದವರಿಗೆ ಗೊತ್ತು. 300 ಮೆಗಾಹರ್ಟ್ಸ್ ದಾಟಿದ ಮೇಲೆ ಯಂತ್ರ ಬಳಸುವುದು ಅವನ್ನೇ. ಹೀಗೆ 900 ಮೆಗಾಹರ್ಟ್ಸ್‌ವರೆಗೂ ಅಳೆಯಬಹುದು. ಆ ಅಂಶಗಳು ದುರ್ಬಲವಾದುದರಿಂದ ಮೇಲಿನ ಆವೃತ್ತಿಗಳಲ್ಲಿ ನಿಖರತೆ ಕಡಿಮೆ. ಮರಳಿ ಬಂದ ಅಲೆಯನ್ನು ಇನ್ನೊಂದು ಅಲೆಯೊಡನೆ ಬೆರೆಸಿ ಕೆಲವೇ ಕಿಲೊಹರ್ಟ್ಸ್‌ಗೆ ಇಳಿಸಿದರೆ ಅದು ಕಿವಿಗೆ ಕೇಳುವ ಶಬ್ದದ ವ್ಯಾಪ್ತಿಗೆ ಬರುತ್ತದೆ. ಪಾರ, ಪ್ರಾವಸ್ಥೆ ಎರಡೂ ಹಾಗೆಯೇ ಉಳಿದಿರುತ್ತವೆ. ಅದನ್ನು ಅಂಕಿಗಳಾಗಿಸಲು ಸಂಗೀತ ನುಡಿಸುವ ಆಡಿಯೋ ಚಿಪ್ ಸಾಕು.

ತಕಹಾಶಿ ವಿನ್ಯಾಸವನ್ನೂ ತಂತ್ರಾಂಶವನ್ನೂ ಮುಕ್ತವಾಗಿ ಹಂಚಿದರು. 2019ರಲ್ಲಿ ಚೀನಾದಲ್ಲಿ ಅದರ ಸುಧಾರಿತ ರೂಪ ತಯಾರಾಗಿ ಸುಮಾರು 50 ಡಾಲರ್‌ಗೆ ಲೋಕವೆಲ್ಲ ಹಬ್ಬಿತು. ಹಿಂದೆಯೇ ನಕಲುಗಳೂ ಬಂದವು. ಕೆಲವದರಲ್ಲಿ ಒಳಗಿನ ಲೋಹದ ಕವಚವೇ ಇರಲಿಲ್ಲ. 2020ರಲ್ಲಿ 3 ಗಿಗಾಹರ್ಟ್ಸ್ ಮುಟ್ಟುವ ಬೇರೆ ವಿನ್ಯಾಸವೂ ಹೊರಬಂತು.

ಮೂರು ತಿಳಿದ ಉತ್ತರಗಳು

ಯಂತ್ರ ಅಗ್ಗವಾಯಿತು, ಅಳತೆ ತಾನಾಗಿಯೇ ಸರಿಯಾಗಲಿಲ್ಲ. ಒಳಗಿನ ಸೇತುವೆಯ ಸೋರಿಕೆ, ಕೇಬಲ್ಲಿನ ನಷ್ಟ, ಮತ್ತೆ ಮತ್ತೆ ಆಗುವ ಪ್ರತಿಫಲನ ಎಲ್ಲವೂ ಸೇರಿ ಪ್ರತಿ ಆವೃತ್ತಿಯಲ್ಲೂ ಮೂರು ಅಜ್ಞಾತ ದೋಷಗಳಿವೆ. ಮೂರು ಅಜ್ಞಾತಗಳಿಗೆ ಮೂರು ಸಮೀಕರಣ ಬೇಕಲ್ಲವೆ? ಅದಕ್ಕೇ ಅಳೆಯುವ ಮುನ್ನ ಉತ್ತರ ಮೊದಲೇ ತಿಳಿದಿರುವ ಮೂರು ವಸ್ತುಗಳನ್ನು ಜೋಡಿಸಿ ತೋರಿಸಬೇಕು: ತೆರೆದ ತುದಿ, ಶಾರ್ಟ್ ಮಾಡಿದ ತುದಿ ಮತ್ತು 50 ಓಮ್ ರೋಧಕ. ಇದೇ ಅಂಶಾಂಕನ. ಪ್ರಾರಂಭದಲ್ಲಿ ಹೇಳಿದ ಹಗ್ಗದ ಎರಡು ಪ್ರಯೋಗಗಳು ಇಲ್ಲಿ ಮೊದಲೆರಡಾಗಿ ಬಂದಿವೆ.

ಇದನ್ನು ಎಲ್ಲಿ ಮಾಡುತ್ತೀರಿ ಎಂಬುದೂ ಮುಖ್ಯ. 7.1 ಮೆಗಾಹರ್ಟ್ಸ್‌ನಲ್ಲಿ, ಅಲೆಯ ವೇಗ ಬೆಳಕಿನ ವೇಗದ 0.66ರಷ್ಟಿರುವ ಕೇಬಲ್ಲಿನಲ್ಲಿ, ಕಾಲು ಅಲೆಯುದ್ದ ಸುಮಾರು 7 ಮೀಟರ್. ಯಂತ್ರದ ಬಾಯಲ್ಲೇ ಅಂಶಾಂಕನ ಮಾಡಿ, ಆಮೇಲೆ 7 ಮೀಟರ್ ಕೇಬಲ್ ಸೇರಿಸಿದರೆ ಆಚೆ ತುದಿಯ 100 ಓಮ್ ನಿಮಗೆ 25 ಓಮ್ ಎಂದು ಕಾಣುತ್ತದೆ! ಆಂಟೆನಾವನ್ನೇ ತಿಳಿಯಬೇಕಿದ್ದರೆ ಕೇಬಲ್ಲಿನ ಆಚೆ ತುದಿಯಲ್ಲಿ ಅಂಶಾಂಕನ ಮಾಡಬೇಕು. ಆವೃತ್ತಿಯ ವ್ಯಾಪ್ತಿ ಬದಲಿಸಿದರೆ ಮತ್ತೊಮ್ಮೆ ಮಾಡುವುದು ಒಳ್ಳೆಯದು.

ಅಳತೆ ಹೇಳದ ಸಂಗತಿಯೂ ಉಂಟು. 3 ಡೆಸಿಬೆಲ್ ನಷ್ಟವಿರುವ ಹಳೆಯ ಕೇಬಲ್ಲಿನ ತುದಿಗೆ ಆಂಟೆನಾವೇ ಇಲ್ಲದಿದ್ದರೂ ಈಚೆ ತುದಿಯಲ್ಲಿ ಅನುಪಾತ 3 ಎಂದು ತೋರುತ್ತದೆ. ನಿಜವಾದ ಅನುಪಾತ ಅನಂತ. 50 ಓಮ್ ರೋಧಕ ಪೂರ್ಣ ಹೊಂದಾಣಿಕೆ ತೋರಿಸುತ್ತದೆ, ಆದರೆ ಅದು ಹೊರಸೂಸುವುದು ಬಿಸಿಯನ್ನು, ರೇಡಿಯೋ ಅಲೆಯನ್ನಲ್ಲ. ಹೊಂದಾಣಿಕೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದಲ್ಲ.

ಶಿಕ್ಷಕರು ಇದನ್ನು ತರಗತಿಯಲ್ಲಿ ಧಾರಾಳವಾಗಿ ಬಳಸಬಹುದು. ಪ್ರಸಾರ ಮಾಡಲು ಪರವಾನಗಿ ಬೇಕು; ಮೇಜಿನ ಮೇಲೆ ಕೇಬಲ್ಲನ್ನೂ ಬಿಡಿಭಾಗಗಳನ್ನೂ ಅಳೆಯಲು ಬೇಡ. ಪ್ರೇಷಕದ ಶಕ್ತಿ ಮಾತ್ರ ಇದರೊಳಗೆ ಎಂದೂ ಹೋಗಕೂಡದು, ಯಂತ್ರ ಸುಟ್ಟೀತು. ಅಂಶಾಂಕನ ಮುಗಿದ ಮೇಲೆ ವಿದ್ಯಾರ್ಥಿಗಳಿಂದ ನೂರು ಓಮ್‌ನ ಪುಟ್ಟ ರೋಧಕವೊಂದನ್ನು, ಅದರ ಕಾಲುಗಳನ್ನು ಗಿಡ್ಡ ಮಾಡಿಸಿ, ಜೋಡಿಸಿ. ಕೆಲವು ಮೆಗಾಹರ್ಟ್ಸ್‌ನಲ್ಲಿ ಅನುಪಾತ 2 ಬರಬೇಕು. ಬರದಿದ್ದರೆ ಆಂಟೆನಾದ ಕಡೆ ಹೋಗುವ ಮುನ್ನ ಅದಕ್ಕೆ ಕಾರಣವನ್ನು ಅವರೇ ಹುಡುಕಲಿ.